ಟೀಚರಮ್ಮ ಯಾಕೆ ಓಡ್ತಾವ್ರೆ?

ಸಲಹೆ ಕೊಡುವವರ ಮೇಲೆ ನನಗೆ ಮೊದಲಿನಿಂದಲೂ ಒಂದು ಅಸಮಾಧಾನವಿದೆ. ಏನು ಮಾಡಬೇಕು ಎಂದು ಹೇಳುತ್ತಾರೆಯೇ ಹೊರತು ಯಾವಾಗ ಮಾಡಬೇಕು ಎಂದು ಒಬ್ಬರೂ ಹೇಳುವುದಿಲ್ಲ. ಬಾದಾಮಿ ನೆನೆಹಾಕಿ ತಿನ್ನಿ, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಥೆ ಹೇಳಿ, ಮಧ್ಯಾಹ್ನ ಊಟವಾದ ಮೇಲೆ ಹತ್ತು ನಿಮಿಷ ಎಡಮಗ್ಗುಲಾಗಿ ಮಲಗಿ. ಎಲ್ಲವೂ ಒಳ್ಳೆಯ ಮಾತೇ. ಆದರೆ ಮಧ್ಯಾಹ್ನ ಊಟವಾದ ಮೇಲೆ ನಾನು ತರೀಕೆರೆಯ ಹೈಸ್ಕೂಲಿನಲ್ಲಿ ಒಂಬತ್ತನೇ ತರಗತಿಗೆ ಬೀಜಗಣಿತ ಹೇಳಿಕೊಡುತ್ತಿರುತ್ತೇನಲ್ಲ, ಎಡಮಗ್ಗುಲಾಗಿ ಎಲ್ಲಿ ಮಲಗಲಿ? ಈ ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಅಂದರೆ ನಾಲ್ಕೈದು ವರ್ಷದ ಹಿಂದೆ, ನನಗೆ ಇಂಥದೇ ಒಂದು ಸಲಹೆ ಕೊಟ್ಟವರು ಕಡೂರಿನ ಒಬ್ಬ ಲೇಡಿ ಡಾಕ್ಟರು. ಆಗತಾನೆ ಓದು ಮುಗಿಸಿ ಬಂದಿದ್ದ, ನನಗಿಂತ ಹತ್ತು ವರ್ಷ ಚಿಕ್ಕವರಾದ ಆಕೆ ನನ್ನ ತೋಳಿಗೆ ಪಟ್ಟಿ ಸುತ್ತಿ, ಗಾಳಿ ಊದಿ, ಪಾದರಸದ ಕಡೆ ನೋಡಿ ಹುಬ್ಬು ಗಂಟಿಕ್ಕಿದರು. ಆಮೇಲೆ "ಓಡಿ" ಎಂದರು. ನಾನು ಬಾಗಿಲ ಕಡೆ ನೋಡಿದೆ. ಹೊರಗೆ ಹೋಗೆಂದು ಹೇಳುತ್ತಿದ್ದಾರೆ ಎಂದುಕೊಂಡಿದ್ದೆ.

"ಈಗಲ್ಲ ಮೇಡಂ. ವಾರಕ್ಕೆ ಮೂರು ದಿನ, ದಿನಕ್ಕೆ ಅರ್ಧ ಗಂಟೆ. ಮೊದಲ ಹದಿನೈದು ದಿನ ಜೋರಾಗಿ ನಡೀರಿ. ಆಮೇಲೆ ಒಂದು ನಿಮಿಷ ಓಡೋದು, ಎರಡು ನಿಮಿಷ ನಡೆಯೋದು. ಅಷ್ಟೇ. ಮನೇಲಿ ಯಾರಿಗಾದ್ರೂ ಬಿ.ಪಿ. ಇತ್ತಾ?" ಇತ್ತೋ ಇಲ್ಲವೋ ಯಾರೂ ನೋಡಿರಲಿಲ್ಲ. ಪಂಚನಹಳ್ಳಿಯ ನಮ್ಮ ತೌರುಮನೆಯಲ್ಲಿ ಅಮ್ಮ ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಾ ಪಕ್ಕಕ್ಕೆ ವಾಲಿದವಳು ಮತ್ತೆ ಏಳಲಿಲ್ಲ. ಅವಳಿಗಾಗ ನಲವತ್ತೆರಡು, ನನಗೆ ಹತ್ತು. ಡಾಕ್ಟರ ಮುಂದೆ ಕೂತಿದ್ದ ನನಗೆ ಮೂವತ್ತೊಂಬತ್ತು, ನನ್ನ ದೊಡ್ಡ ಮಗಳು ಮಾಲತಿಗೆ ಹತ್ತು. ಲೆಕ್ಕದ ಟೀಚರಾಗಿ ಆ ಲೆಕ್ಕ ಬೇಡವೆಂದರೂ ತಲೆಯಲ್ಲಿ ಆಗಿಯೇಬಿಟ್ಟಿತು. "ಓಡ್ತೀನಿ ಡಾಕ್ಟ್ರೇ" ಎಂದೆ.

ಓಡಲು ಒಪ್ಪುವುದು ಸುಲಭ, ಅರ್ಧ ಗಂಟೆ ಹುಡುಕುವುದು ಕಷ್ಟ. ನಾವಿರುವುದು ಅಜ್ಜಂಪುರದಲ್ಲಿ. ಬೀದಿಯ ನಲ್ಲಿಯಲ್ಲಿ ನೀರು ಬರುತ್ತಿದ್ದದ್ದು ಬೆಳಿಗ್ಗೆ ಐದೂವರೆಯಿಂದ ಆರೂಕಾಲರ ತನಕ, ಅದೂ ನಲ್ಲಿಯ ಮನಸ್ಸು ಚೆನ್ನಾಗಿದ್ದರೆ. ಎರಡು ಹಂಡೆ, ಒಂದು ತೊಟ್ಟಿ, ಆರು ಕೊಡ. ಆಮೇಲೆ ತಿಂಡಿ, ನಾಲ್ಕು ಡಬ್ಬಿ, ಮಾಲತಿಗೂ ಆರು ವರ್ಷದ ಉಷಾಳಿಗೂ ಸೇರಿ ನಾಲ್ಕು ಜಡೆ. ಎಂಟು ಗಂಟೆಗೆ ನಮ್ಮ ಯಜಮಾನರಿಗೆ ಕಡೂರಿನ ಬಸ್ಸು; ಅವರು ಅಲ್ಲಿ ಒಂದು ಆಫೀಸಿನಲ್ಲಿ ಗುಮಾಸ್ತರು. ಎಂಟೂವರೆಗೆ ನನಗೆ ತರೀಕೆರೆಯ ಬಸ್ಸು. ಸಂಜೆ ಆರಕ್ಕೆ ವಾಪಸ್ಸು, ಅಡುಗೆ, ಪಾತ್ರೆ, ಮಕ್ಕಳ ಕಾಪಿ ಬರವಣಿಗೆ, ನನ್ನ ಪಾಠದ ನೋಟ್ಸು. ಶನಿವಾರ ಬೆಳಗಿನ ಶಾಲೆಯಾದ್ದರಿಂದ ಇದೆಲ್ಲವೂ ಒಂದೂವರೆ ಗಂಟೆ ಮೊದಲು. ಭಾನುವಾರ ಬಟ್ಟೆ. ಮನೆಯಲ್ಲಿ ಅತ್ತೆ ಇದ್ದರು, ಆದರೆ ಅವರದು ದೇವರ ಮನೆ ಮತ್ತು ಮೇಲುಸ್ತುವಾರಿ. ಯಜಮಾನರಿಗೆ ವಿಷಯ ಹೇಳಿದರೆ, "ಓಡು, ಅದಕ್ಕೇನಂತೆ? ಒಂದರ್ಧ ಗಂಟೆ ಮುಂಚೆ ಏಳು" ಎಂದು ಪೇಪರಿನಿಂದ ಮುಖ ತೆಗೆಯದೆಯೇ ಅಪ್ಪಣೆ ಕೊಟ್ಟರು. ಅವರು ಏಳುತ್ತಿದ್ದದ್ದು ಏಳಕ್ಕೆ.

ಒಂದು ಸೋಮವಾರ ನಾಲ್ಕೂಮುಕ್ಕಾಲಿಗೆ ಎದ್ದು ಹೊರಟೆ. ಯಜಮಾನರು ಎಂದೋ ಕೊಂಡು ಎರಡೇ ಸಲ ಹಾಕಿದ್ದ ಕ್ಯಾನ್ವಾಸ್ ಶೂಗಳ ತುದಿಗೆ ಪೇಪರ್ ತುರುಕಿ, ಸೀರೆಯನ್ನು ಗಿಡ್ಡವಾಗಿ ಉಟ್ಟು, ಸೆರಗನ್ನು ಸೊಂಟಕ್ಕೆ ಬಿಗಿದು, ಸ್ಟೇಷನ್ ರಸ್ತೆ ಹಿಡಿದೆ. ಹದಿನೈದು ದಿನದ ನಡಿಗೆಗೆಲ್ಲ ನನ್ನಲ್ಲಿ ವ್ಯವಧಾನವಿರಲಿಲ್ಲ, ನೇರವಾಗಿ ಓಟವೇ. ಕೈಗಡಿಯಾರದಲ್ಲಿ ಸೆಕೆಂಡಿನ ಮುಳ್ಳು ಇರಲಿಲ್ಲವಾದ್ದರಿಂದ ಮಗ್ಗಿಯನ್ನು ನಂಬಿಕೊಂಡೆ: ಹದಿಮೂರರ ಮಗ್ಗಿ ಎರಡು ಸಲ ಹೇಳಿದರೆ ಒಂದು ನಿಮಿಷ. ಹದಿಮೂರಾರಲ ಎಪ್ಪತ್ತೆಂಟು ಎನ್ನುವಷ್ಟರಲ್ಲಿ ಎದುರಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಬರುತ್ತಿದ್ದ ರಂಗಪ್ಪ ಸೈಕಲ್ಲಿನಿಂದ ಹಾರಿ ಇಳಿದ. "ಏನಾಯ್ತ್ರವ್ವಾ? ಯಾರ್ಗೇನಾಯ್ತು?"

"ಯಾರಿಗೂ ಏನೂ ಆಗಿಲ್ಲ ರಂಗಪ್ಪ. ಸುಮ್ಮನೆ ಓಡ್ತಿದೀನಿ."

"ಸುಮ್ಸುಮ್ನೆ ಯಾರಾರ ಓಡ್ತಾರಾ? ನಂತಾವ ಮುಚ್ಚಿಡಬ್ಯಾಡ್ರೀ. ಅಜ್ಜಮ್ಮೋರಿಗೇನಾರ ಆಯ್ತಾ?"

ಇಲ್ಲವೆಂದು ತಲೆಯಾಡಿಸಿ ಮುಂದೆ ಓಡಿದೆ. ಉತ್ತರ ಹೇಳಲು ನಿಲ್ಲದೆ ಓಡಿದ್ದೇ ತಪ್ಪಾಯಿತು. ಸ್ಟೇಷನ್ನಿನವರೆಗೆ ಹೋಗಿ, ಅಲ್ಲಿ ಬೇಲಿಯ ಕಲ್ಲಿಗೆ ಒರಗಿ, ಪಕ್ಕೆ ಹಿಡಿದುಕೊಂಡು, ಕುಂಟುತ್ತಾ ವಾಪಸ್ಸು ಬರುವ ಹೊತ್ತಿಗೆ ನಮ್ಮ ಜಗಲಿಯ ಮೇಲೆ ಅಕ್ಕಪಕ್ಕದ ನಾಲ್ಕು ಜನ ಹೆಂಗಸರು ಕೂತಿದ್ದರು. ಎದುರುಮನೆಯ ಸಾವಿತ್ರಮ್ಮ ಆಗಲೇ ಕಣ್ಣಿಗೆ ಸೆರಗು ಹಚ್ಚಿದ್ದರು. ನಡುವೆ ನಮ್ಮತ್ತೆ, ತಾವು ಬದುಕಿರುವುದನ್ನು ಒಬ್ಬೊಬ್ಬರಿಗೇ ಸಮಜಾಯಿಷಿ ಹೇಳುತ್ತಾ ಸುಸ್ತಾಗಿದ್ದರು. ನಲ್ಲಿಯಲ್ಲಿ ನೀರು ಅಂದು ಬೇಗನೆ ಬಂದು, ಯಾರೂ ಹಿಡಿಯದೆ, ನಿಂತೂ ಹೋಗಿತ್ತು. ಆ ದಿನ ನಾನು ಸಾವಿತ್ರಮ್ಮನ ಬಾವಿಯಿಂದ ಹನ್ನೆರಡು ಕೊಡ ಸೇದಿದೆ. ಅದನ್ನೂ ವ್ಯಾಯಾಮದ ಲೆಕ್ಕಕ್ಕೆ ಸೇರಿಸಬಹುದಾ ಎಂದು ಡಾಕ್ಟರನ್ನು ಕೇಳಬೇಕೆನ್ನಿಸಿತು.

ಬುಧವಾರ ಊರಿನ ಕಣ್ಣು ತಪ್ಪಿಸಲು ಕೆರೆ ಏರಿಗೆ ಹೋದೆ. ಅಲ್ಲಿ ಊರಿನವರು ಇರಲಿಲ್ಲ, ಊರಿನ ನಾಯಿಗಳಿದ್ದವು. ಅವತ್ತು ನಾನು ಮಗ್ಗಿಯ ನೆರವಿಲ್ಲದೆ, ಡಾಕ್ಟರು ಹೇಳಿದ್ದಕ್ಕಿಂತ ಹೆಚ್ಚು ಹೊತ್ತು, ಹೆಚ್ಚು ವೇಗದಲ್ಲಿ ಓಡಿದೆ. ಶುಕ್ರವಾರ ಹೋಗುವ ಮೊದಲೇ ಅತ್ತೆ ತಡೆದರು. ನಾನು ಕತ್ತಲಲ್ಲಿ ಬಾಯಲ್ಲಿ ಏನೋ ಮಣಮಣ ಹೇಳಿಕೊಂಡು ಓಡುತ್ತಿರುತ್ತೇನೆಂದು ಸುದ್ದಿಯಾಗಿತ್ತಂತೆ. "ಗಾಳಿಗೀಳಿ ಸೋಕಿರಬೌದು, ಒಂದು ತಾಯ್ತ ಕಟ್ಸಿ ಅಂತಾವ್ರೆ ಕಣೇ" ಎಂದರು. ಅದು ಹದಿಮೂರರ ಮಗ್ಗಿ ಎಂದು ಹೇಳಿದೆ. "ಹನ್ನೆರಡರದ್ದು ಹೇಳ್ಕೊಳ್ಳೇ, ಹದಿಮೂರು ಒಳ್ಳೇದಲ್ಲ" ಎಂದು ತಾಯಿತವನ್ನೂ ಕಟ್ಟಿದರು.

ಬೆಳಗಿನ ಹೊತ್ತು ಆಗದೆಂದು ಖಾತ್ರಿಯಾದ ಮೇಲೆ ಸಂಜೆಯತ್ತ ಕಣ್ಣು ಹಾಕಿದೆ. ಶಾಲೆ ಬಿಡುವುದು ನಾಲ್ಕೂವರೆಗೆ, ಬಸ್ಸು ಐದಕ್ಕೆ. ನಡುವೆ ಶಾಲೆಯ ಮೈದಾನದಲ್ಲಿ ಇಪ್ಪತ್ತು ನಿಮಿಷ ಓಡಬಹುದು ಎಂದು ಕಾಗದದ ಮೇಲೆ ಲೆಕ್ಕ ಹಾಕಿದೆ. ಕಾಗದದ ಮೇಲೆ ನಮ್ಮ ಡ್ರಿಲ್ ಮೇಷ್ಟ್ರು ಇರಲಿಲ್ಲ. ಮೈದಾನದಲ್ಲಿ ಇದ್ದರು. ನಾನು ಅರ್ಧ ಸುತ್ತು ಹಾಕುವಷ್ಟರಲ್ಲಿ ಸೀಟಿ ಊದಿ ನಿಲ್ಲಿಸಿ, "ಮೇಡಂ, ಹಿಮ್ಮಡಿ ಊರಬಾರದು. ಮೊಣಕೈ ಮಡಚಬೇಕು. ಉಸಿರು ಮೂಗಲ್ಲಿ ಎಳೆದು ಬಾಯಲ್ಲಿ ಬಿಡಬೇಕು" ಎಂದು ಪಾಠ ಶುರು ಮಾಡಿದರು. ಹದಿನೇಳು ವರ್ಷದ ಸರ್ವಿಸಿನಲ್ಲಿ ಅವರ ಮಾತನ್ನು ಕಿವಿಗೊಟ್ಟು ಕೇಳಿದ ಮೊದಲ ವಿದ್ಯಾರ್ಥಿ ನಾನೇ ಇರಬೇಕು, ಬಿಡಲೇ ಇಲ್ಲ. ಒಂಬತ್ತನೇ ತರಗತಿಯ ಹುಡುಗಿಯರು ಗೇಟಿನ ಬಳಿ ಸಾಲಾಗಿ ನಿಂತು ಸುತ್ತು ಎಣಿಸಿದರು. ಲೆಕ್ಕದಲ್ಲಿ ಸೊನ್ನೆ ತೆಗೆದುಕೊಂಡವರೂ ಅಂದು ಸರಿಯಾಗಿಯೇ ಎಣಿಸಿದರು. ಈ ಗಲಾಟೆಯಲ್ಲಿ ಐದರ ಬಸ್ಸು ಹೊರಟುಹೋಯಿತು.

ಆರರ ಬಸ್ಸು ಬರಲೇ ಇಲ್ಲ. ಬಂದದ್ದು ಏಳಕ್ಕೆ ಹತ್ತಿರದಲ್ಲಿ. ಅತ್ತೆ ಅಂದು ಮಗಳ ಮನೆಗೆ ಹೋಗಿದ್ದರು, ಯಜಮಾನರು ಕಡೂರಿನಲ್ಲಿ ಮೀಟಿಂಗ್ ಎಂದಿದ್ದರು. ನಾನು ಮನೆ ಮುಟ್ಟಿದಾಗ ಉಷಾ ಶಾಲೆಯ ಬಟ್ಟೆಯಲ್ಲೇ ಚಾಪೆಯ ಮೇಲೆ ನಿದ್ದೆ ಹೋಗಿದ್ದಳು. ಅಡುಗೆಮನೆಯಲ್ಲಿ ಸೀಮೆಎಣ್ಣೆ ಸ್ಟೌವಿನ ಹೊಗೆ, ನೆಲದ ಮೇಲೆಲ್ಲ ಹಾಲು. ಮಾಲತಿ ಬಲಗೈಯನ್ನು ನೀರಿನ ಚೊಂಬಿನಲ್ಲಿ ಮುಳುಗಿಸಿಕೊಂಡು ಮೂಲೆಯಲ್ಲಿ ಕೂತಿದ್ದಳು. ತಂಗಿ ಹಸಿವು ಎಂದಳೆಂದು ಹಾಲು ಕಾಯಿಸಲು ಹೋಗಿದ್ದಳಂತೆ. ಎರಡು ಬೆರಳು ಬೊಬ್ಬೆ ಎದ್ದಿದ್ದವು. ಅಳಲಿಲ್ಲ. "ಓಡೋಕೆ ಹೋಗಿದ್ಯಾ ಅಮ್ಮ?" ಎಂದಷ್ಟೇ ಕೇಳಿದಳು. ಆ ಪ್ರಶ್ನೆಯಲ್ಲಿ ಕೋಪವಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಬೆರಳಿಗೆ ಮುಲಾಮು ಹಚ್ಚಿ, ಇಬ್ಬರಿಗೂ ಉಣಿಸಿ, ಆ ಶೂಗಳನ್ನು ಅಟ್ಟದ ಮೇಲೆ ಎಸೆದೆ. ಎಸೆದ ರಭಸಕ್ಕೆ ಒಂದು ಶೂ ಗೋಡೆಗೆ ಬಡಿದು ವಾಪಸ್ಸು ನನ್ನ ತಲೆಯ ಮೇಲೇ ಬಿತ್ತು. ಇನ್ನೊಂದು ಸಲ ಎಸೆದೆ.

ಎರಡು ತಿಂಗಳು ಕಳೆದು ಮತ್ತೆ ಕಡೂರಿಗೆ ಹೋದೆ. ಮಾಲತಿಯೂ ಜೊತೆಗಿದ್ದಳು. ಪಾದರಸ ಮೊದಲಿಗಿಂತ ಮೇಲೇರಿ ನಿಂತಿತು. "ಓಡ್ತಿದ್ದೀರಾ?" ಎಂದರು ಡಾಕ್ಟರು. ನನಗೆ ತಡೆಯಲಾಗಲಿಲ್ಲ. ನಲ್ಲಿಯಿಂದ ಹಿಡಿದು ನೋಟ್ಸಿನ ತನಕ, ಸೋಮವಾರದಿಂದ ಭಾನುವಾರದ ತನಕ, ನನ್ನ ಇಡೀ ವಾರವನ್ನು ಅವರ ಮೇಜಿನ ಮೇಲೆ ಸುರಿದೆ. "ಇದರಲ್ಲಿ ಅರ್ಧ ಗಂಟೆ ಎಲ್ಲಿದೆ ಅಂತ ನೀವೇ ತೋರ್ಸಿ ಡಾಕ್ಟ್ರೇ!" ಎಂದು ದನಿಯೇರಿಸಿದೆ. ಹೊರಗೆ ಕೂತಿದ್ದ ರೋಗಿಗಳು ಬಾಗಿಲಿನಿಂದ ಇಣುಕಿದರು. ಆ ಹುಡುಗಿ, ಅಂದರೆ ಡಾಕ್ಟರು, ಪೆನ್ನಿನ ಟೋಪಿ ಮುಚ್ಚಿ ನಿಧಾನವಾಗಿ ಕೇಳಿದರು: "ಆ ನಲ್ಲಿ ನೀರು ಹಿಡಿಯೋಕೆ ನಿಮ್ಮನೇಲಿ ಬೇರೆ ಯಾರಿಗೂ ಕೈ ಇಲ್ವಾ?"

ಹದಿನಾಲ್ಕು ವರ್ಷದ ಸಂಸಾರದಲ್ಲಿ ಆ ಪ್ರಶ್ನೆ ನನಗೇ ಹೊಳೆದಿರಲಿಲ್ಲ ಎಂಬುದು ಅವಮಾನವೆನ್ನಿಸಿತು. ಮಾಲತಿ ಮನೆಗೆ ಬಂದವಳೇ ನೋಟ್‌ಬುಕ್ಕಿನ ನಡುವಿನ ಹಾಳೆ ಕಿತ್ತು, ಅಡಿಪಟ್ಟಿ ಇಟ್ಟು ಗೆರೆ ಎಳೆದು, ನಾನು ಶಾಲೆಗೆ ಮಾಡುವಂಥದೇ ಒಂದು ಟೈಂಟೇಬಲ್ ಬರೆದು ಅಡುಗೆಮನೆಯ ಗೋಡೆಗೆ ಅನ್ನದ ಅಗುಳಿನಿಂದ ಅಂಟಿಸಿದಳು. ಸೋಮ, ಬುಧ, ಶುಕ್ರ: ಅಮ್ಮ, ಓಟ. ಅಪ್ಪ, ನೀರು. ಅಜ್ಜಿ, ಜಡೆ. ನಾನು, ಡಬ್ಬಿ.

ಯಜಮಾನರು ಕನ್ನಡಕ ಹಾಕಿಕೊಂಡು ಎರಡೆರಡು ಸಲ ಓದಿದರು. "ನೀರಾ? ನಾನಾ? ಬೀದಿ ನಲ್ಲೀಲಿ ಹೆಂಗಸರ ಮಧ್ಯೆ ಕೊಡ ಹಿಡ್ಕೊಂಡು ನಿಂತ್ಕೊಳ್ಳಾದಾ? ಯಾರಾದ್ರೂ ನೋಡಿದ್ರೆ ಏನಂದ್ಕೊಂಡಾರು?" ಎಂದು ಬೆಂಬಲಕ್ಕಾಗಿ ತಾಯಿಯ ಕಡೆ ತಿರುಗಿದರು. ನಾನೂ ಅತ್ತ ತಿರುಗಿದೆ, ಬೈಗುಳ ಕೇಳಲು ಸಿದ್ಧಳಾಗಿ. ಅತ್ತೆ ಹೂ ಕಟ್ಟುತ್ತಿದ್ದರು. ತಲೆ ಎತ್ತಲಿಲ್ಲ. "ಇವಳು ತಾಯಿ ಇಲ್ದೆ ಬೆಳೆದವಳು ಕಣೋ. ಇವಳ ಮಕ್ಳೂ ಹಂಗೇ ಬೆಳೀಬೇಕಾ? ಕೊಡ ಹಿಡಿಯೋ ಸುಮ್ನೆ" ಎಂದರು. ನಾನು ಒಗ್ಗರಣೆ ಹಾಕುವ ನೆಪದಲ್ಲಿ ಒಲೆಯ ಕಡೆ ತಿರುಗಿ ನಿಂತೆ. ಒಲೆಯ ಮೇಲೆ ಏನೂ ಇರಲಿಲ್ಲ.

ಹೀಗೆ ನಾನು ಓಡತೊಡಗಿದೆ. ಮೊದಲ ತಿಂಗಳು ಮನೆ ಹೇಗಿತ್ತೆಂದರೆ, ಯಜಮಾನರು ತುಂಬಿಸಿದ ಹಂಡೆಯಲ್ಲಿ ನೀರಿಗಿಂತ ಅವರ ಗೊಣಗಾಟವೇ ಹೆಚ್ಚಿರುತ್ತಿತ್ತು. ಅತ್ತೆ ಹೆಣೆದ ಜಡೆ ಎಷ್ಟು ಬಿಗಿಯೆಂದರೆ ಉಷಾಳ ಹುಬ್ಬು ಹಣೆಯ ಮೇಲಕ್ಕೆ ಹೋಗಿ, ಅವಳ ಟೀಚರು "ಮಗು ಯಾಕೆ ಯಾವಾಗಲೂ ಆಶ್ಚರ್ಯಪಡುತ್ತೆ?" ಎಂದು ಹೇಳಿಕಳಿಸಿದರು. ಡಬ್ಬಿಯಲ್ಲಿ ಉಪ್ಪಿನಕಾಯಿ ಇದ್ದು ಅನ್ನವಿಲ್ಲದ ದಿನಗಳೂ ಇದ್ದವು. ಆದರೆ ಒಂದು ನಿಮಿಷ ಎರಡಾಯಿತು, ಎರಡು ಐದಾಯಿತು. ರಂಗಪ್ಪ ಈಗ ಸೈಕಲ್ಲಿನಿಂದ ಇಳಿಯುವುದಿಲ್ಲ, "ಇವತ್ತು ಲೇಟು ಕಣ್ರವ್ವಾ" ಎಂದು ಹೇಳಿಕೊಂಡೇ ಹೋಗುತ್ತಾನೆ. ಮಳೆಗಾಲ ಮುಗಿಯುವ ಹೊತ್ತಿಗೆ ಸ್ಟೇಷನ್ನಿನಿಂದ ಕೆರೆ ಏರಿಯ ತನಕ ನಿಲ್ಲದೆ ಓಡಿದೆ. ಕಡೂರಿನಲ್ಲಿ ಪಾದರಸ ಕೆಳಗಿಳಿದಿತ್ತು. ಡಾಕ್ಟರು ನಕ್ಕರು. ನನ್ನ ನಲವತ್ತೆರಡು ಬಂದು, ಏನೂ ಆಗದೆ, ದಾಟಿಯೂ ಹೋಯಿತು.

ಒಂದು ವಿಷಯವನ್ನು ಮಾತ್ರ ಇಷ್ಟು ದಿನ ಯಾರಿಗೂ ಹೇಳಿಲ್ಲ. ಡಾಕ್ಟರು ಹೇಳಿದ್ದು ವಾರಕ್ಕೆ ಮೂರು ದಿನ. ಅಭ್ಯಾಸವಾದ ಮೇಲೆ ನಾನು ಮನೆಯಲ್ಲಿ ನಾಲ್ಕು ಎಂದು ಹೇಳಿಬಿಟ್ಟೆ. ಮಾಲತಿಯ ಟೈಂಟೇಬಲ್ಲಿಗೆ ಭಾನುವಾರವೂ ಸೇರಿತು. ಭಾನುವಾರ ಬೆಳಿಗ್ಗೆ ಶೂ ಬಿಗಿದು, ಸೆರಗು ಕಟ್ಟಿ, ಬೀದಿಯ ತಿರುವಿನ ತನಕ ಎಲ್ಲರಿಗೂ ಕಾಣುವಂತೆ ಓಡುತ್ತೇನೆ. ಅಲ್ಲಿಂದ ನಿಧಾನವಾಗಿ ನಡೆದು ಕೆರೆ ಕೋಡಿಯ ಮೋರಿಕಟ್ಟೆಯ ಮೇಲೆ ಕೂರುತ್ತೇನೆ. ಸೆರಗಿನಲ್ಲಿ ಕಟ್ಟಿ ತಂದ ಹುರಿಗಡಲೆ ತಿನ್ನುತ್ತಾ, ನೀರಿನ ಮೇಲಿನ ಹಕ್ಕಿಗಳನ್ನು ನೋಡುತ್ತಾ, ಯಾರ ಜಡೆ, ಯಾರ ಡಬ್ಬಿ ಎಂದು ಯೋಚಿಸದೆ, ಪೂರಾ ಅರ್ಧ ಗಂಟೆ ಕೂತಿದ್ದು ಬರುತ್ತೇನೆ. ಮೊನ್ನೆ ಭಾನುವಾರ ವಾಪಸ್ಸು ಬಂದಾಗ ಯಜಮಾನರು ತುಂಬಿದ ಕೊಡ ಕೆಳಗಿಟ್ಟು, ಸೊಂಟ ಹಿಡಿದುಕೊಂಡು, ನನ್ನನ್ನೇ ದಿಟ್ಟಿಸಿದರು. "ಅಲ್ಲ ಕಣೇ, ಭಾನುವಾರ ಮಾತ್ರ ನೀನು ಬೆವರೋದೇ ಇಲ್ವಲ್ಲ?"

"ಅಭ್ಯಾಸ ಆಗ್ತಾ ಬಂತು ಕಣ್ರೀ" ಎಂದೆ.