ನಮ್ಮ ಬಾಮೈದನ ಪ್ರೋಟೋಕಾಲು

ನನ್ನ ಹೆಂಡತಿಯ ತಮ್ಮನಿಗೆ ಮನುಷ್ಯರ ಜೊತೆ ಮಾತಾಡಲು ಬರುವುದಿಲ್ಲವೆಂದು ಯಾರಾದರೂ ಹೇಳಿದರೆ ನಂಬಬೇಡಿ. ಬರುತ್ತದೆ, ಅದಕ್ಕೆ ಮೊದಲು ನೀವು ಕಂಪ್ಯೂಟರ್ ಆಗಬೇಕು, ಅಷ್ಟೇ!

ನಾನಾಗ ದೋಣಿಗಲ್ ಹತ್ತಿರದ ಕಾಫಿ ಎಸ್ಟೇಟೊಂದರ ಮ್ಯಾನೇಜರ್. ಐದಕ್ಕೆ ಏಳುವುದು, ಒಂದಕ್ಕೆ ಊಟ. ಗಡಿಯಾರವೇ ನನ್ನನ್ನು ನೋಡಿ ನಡೆಯುತ್ತಿತ್ತು. ನಮ್ಮ ಆಫೀಸಿನ ಕಂಪ್ಯೂಟರನ್ನು ಫೋನ್ ತಂತಿಯ ಮೂಲಕ ಸಕಲೇಶಪುರದಲ್ಲಿದ್ದ ಎಸ್ಟೇಟಿನ ಒಡೆಯ ಸಾಹುಕಾರರ ಆಫೀಸಿನ ಕಂಪ್ಯೂಟರಿಗೆ ಜೋಡಿಸಲು ಈ ಮಹಾಶಯ ಬಂದಿಳಿದ. ಎರಡೂ ಬೇರೆ ಬೇರೆ ಕಂಪನಿಯವು.

"ಯಾರು ಮೊದ್ಲು ಮಾತಾಡ್ಬೇಕು, ಎಷ್ಟು ಬೇಗ ಆಡ್ಬೇಕು, ಮಾತು ದಾರೀಲಿ ಕಳೆದೋದ್ರೆ ಏನ್ಮಾಡ್ಬೇಕು, ಎಲ್ಲಕ್ಕೂ ಎರಡೂ ಕಡೆ ಒಪ್ಪಿದ ನಿಯಮ ಬೇಕು ಭಾವ. ಅದೇ ಪ್ರೋಟೋಕಾಲು."

ಸರಿಯಪ್ಪ, ನಿಯಮವೆಂದರೆ ನನಗೂ ಪ್ರಾಣ. ಆದರೆ ಅವನು ಅದನ್ನು ಊಟದ ಮನೆಗೂ ತಂದನಲ್ಲ!

"ಸಾರು ಬಡಿಸ್ಲೇನೋ?" ಅಂದಳು ಅವನ ಅಕ್ಕ. ಅವನು ತಟ್ಟೆಗೆ ಕೈ ಅಡ್ಡ ಹಿಡಿದ.

"ಮೊದ್ಲು 'ಇದ್ದೀಯಾ' ಅಂತ ಕೇಳ್ಬೇಕು ಕಣಕ್ಕ. ನಾನು 'ಇದ್ದೀನಿ' ಅಂದ್ಮೇಲೆ ವಿಷಯ. ಕೊನೇಲಿ ನಾನು 'ಮುಟ್ತು' ಅಂತೀನಿ."

"ಎದುರಿಗೇ ಕುಕ್ಕರಿಸಿದ್ದೀಯಲ್ಲೋ ಮಾರಾಯ!" ಎಂದವಳೇ ಕುದಿಯುವ ಸಾರನ್ನು ತಟ್ಟೆಗೆ ಸುರಿದಳು. "ಮುಟ್ತೇನೋ?"

"ಮುಟ್ತು ಕಣಕ್ಕ, ಕೈ ಸುಟ್ಟೋಯ್ತು!"

ಜೋಡಣೆ ಮಾತ್ರ ಆಗಲೊಲ್ಲದು. ಆಫೀಸಿಗೂ ನಾವಿದ್ದ ಬಂಗಲೆಗೂ ಇದ್ದದ್ದು ಒಂದೇ ಫೋನ್ ಲೈನು. ಯಂತ್ರಗಳು ಮಾತಿಗೆ ತೊಡಗಿದ್ದವೋ ಇಲ್ಲವೋ, ನಮ್ಮ ಲೆಕ್ಕ ಬರೆಯುವ ರೈಟರ್ ಬಂಗಲೆಯಲ್ಲಿ ರಿಸೀವರ್ ಎತ್ತಿದ. "ಸಾರ್, ಫೋನೊಳಗೆ ಹಂದಿ ಸೇರ್ಕಂಡೈತೆ, ಕಿರುಚ್ತಾ ಐತೆ!" ಸಂಪರ್ಕ ಕಡಿಯಿತು. ಅಂದಿನಿಂದ ಮ್ಯಾನೇಜರನಾದ ನಾನು ಕೂಡ ಫೋನ್ ಮುಟ್ಟಲು ಬಾಮೈದನ ಅಪ್ಪಣೆ ಬೇಡಬೇಕಾಯಿತು!

ಸಾಹುಕಾರರು ಕೊನೆಗೆ ಸಿಡುಕಿದರು. "ಶನಿವಾರ ಹನ್ನೊಂದು ಗಂಟೆಯೊಳಗೆ ನಿಮ್ ಸ್ಟೋರಿನ ವಿವರ ಪೂರ್ತಿ ನನ್ನ ಮುಂದೆ ಬರ್ಬೇಕು. ಬರ್ಲಿಲ್ವೋ, ನಿಮ್ ಬಾಮೈದನ ಕೆಲಸ ಬೇರೆಯವ್ರಿಗೆ."

ಶನಿವಾರ ಬೆಳಿಗ್ಗೆಯೇ ನನ್ನ ಮಗಳನ್ನು ಹೆರಿಗೆಗೆ ಹಾಸನದ ಆಸ್ಪತ್ರೆಗೆ ಸೇರಿಸಿದರು. ಕಷ್ಟದ ಹೆರಿಗೆಯೆಂದು ಡಾಕ್ಟರು ಮೊದಲೇ ಹೇಳಿದ್ದರು. ಹೆಂಡತಿ ಜೊತೆಯಲ್ಲಿದ್ದಳು. ಲೈನು ಬಿಡೆಂದು ನಾನು ಬಾಮೈದನನ್ನು ಕೇಳಲಿಲ್ಲ. ಕೆಲಸದ ಹೊತ್ತು ಕೆಲಸ.

ಹತ್ತಕ್ಕೆ ಸರಿಯಾಗಿ ಯಂತ್ರಗಳು ಒಂದನ್ನೊಂದು ಒಪ್ಪಿಕೊಂಡವು! ವಿವರಗಳು ಸಾಲು ಸಾಲಾಗಿ ಹೊರಟವು. ಹತ್ತೂವರೆಗೆ ಅರ್ಧ ಹೋಗಿತ್ತು, ಮುಗಿಯಲು ಇನ್ನರ್ಧ ಗಂಟೆ. ಬಾಮೈದ ಒಮ್ಮೆ ನನ್ನ ಮುಖ ನೋಡಿದ. ಎದ್ದವನೇ ಯಂತ್ರದಿಂದ ತಂತಿ ಕಿತ್ತು ಫೋನಿಗೆ ಸಿಕ್ಕಿಸಿದ.

"ಏನೋ ಇದು! ಅರ್ಧ ಹೋಗಿತ್ತಲ್ಲೋ!"

"ಅಕ್ಕ ಅಲ್ಲಿಂದ ಫೋನ್ ಮಾಡಿ ಮಾಡಿ ಲೈನ್ ಸಿಗ್ದೆ ಅಳ್ತಾ ಇರ್ತಾಳೆ ಭಾವ. ಸಾಹುಕಾರ್ರು ಬೇರೆ ಯಾರನ್ನಾದ್ರೂ ಕರ್ಕಳ್ಳಿ ಬುಡಿ."

ಫೋನ್ ಬಡಿದುಕೊಂಡಿತು. ಅವನೇ ಎತ್ತಿ, "ಹೇಳಕ್ಕ" ಎಂದ. ಸ್ವಲ್ಪ ಹೊತ್ತು ಕೇಳಿಸಿಕೊಂಡ. ಆಮೇಲೆ ರಿಸೀವರನ್ನು ನನ್ನ ಕಿವಿಗೆ ಹಿಡಿದ.

ಹಾಸನದಲ್ಲಿ ನನ್ನ ಮೊಮ್ಮಗಳು ಅಳುತ್ತಿದ್ದಳು.