ಜೌಗಿನಲ್ಲಿ ನಾನು ಕಾಣದ ಹಕ್ಕಿ

ಯಾರಾದರೂ ಆಸೆಯಿಂದ ಏನನ್ನೋ ತೋರಿಸಿ "ಕಂಡಿತಾ?" ಎಂದು ಕೇಳಿದರೆ "ಇಲ್ಲ" ಎನ್ನಲು ನನಗೆ ಇಂದಿಗೂ ಬಾಯಿ ಬರುವುದಿಲ್ಲ. ಇದಕ್ಕೆ ನಮ್ಮ ಮದುವೆಯ ಪುರೋಹಿತರೇ ಕಾರಣವೆಂದು ಹೇಳಿಕೊಂಡು ಬಂದಿದ್ದೇನೆ. ಉರಿಬಿಸಿಲಿನ ಮಧ್ಯಾಹ್ನ ನಮ್ಮಿಬ್ಬರನ್ನೂ ಅಂಗಳಕ್ಕೆ ಕರೆತಂದು ಆಕಾಶಕ್ಕೆ ಬೆರಳು ಮಾಡಿ, "ಅಗೋ ಅರುಂಧತಿ ನಕ್ಷತ್ರ, ಕಂಡಿತಲ್ಲ?" ಎಂದರು. ಒಳಗೆ ಊಟಕ್ಕೆ ಎಲೆ ಹಾಕಿಯಾಗಿತ್ತು, ಸಾರಿನ ಪರಿಮಳ ಬರುತ್ತಿತ್ತು. "ಕಂಡಿತು" ಎಂದೆ. ಪಕ್ಕದಲ್ಲಿ ಸುಮತಿಯೂ ತಲೆಯಾಡಿಸಿದಳು. ಹೀಗೆ ಒಂದು ಜಂಟಿ ಸುಳ್ಳಿನಿಂದ ಶುರುವಾದ ಸಂಸಾರ ಹದಿನೆಂಟು ವರ್ಷ, ಅದರಲ್ಲಿ ಹನ್ನೆರಡು ವರ್ಷ ಬಹರೈನಿನ ಮಾಹೂಝ್‌ನ ಈ ಫ್ಲ್ಯಾಟಿನಲ್ಲಿ, ಚೆನ್ನಾಗಿಯೇ ನಡೆದಿದೆ.

ತೊಂದರೆಯಾದದ್ದು ಫಿನ್ಲೆಂಡಿನಲ್ಲಿ. ಇಲ್ಲಿ ಬಹರೈನಿನ ಟುಬ್ಲಿಯ ನಮ್ಮ ವರ್ಕ್‌ಶಾಪಿನಲ್ಲಿ ರಿಪೇರಿ ಮಾಡುವ ಪಂಪುಗಳು ಆ ದೇಶದವು. ಈ ಜೂನಿನಲ್ಲಿ ಹತ್ತು ದಿನದ ತರಬೇತಿಗೆಂದು ನನ್ನನ್ನು ಅಲ್ಲಿಗೆ ಕಳಿಸಿದರು. ಇಲ್ಲಿ ಕಾರಿನ ಸ್ಟೀರಿಂಗ್ ಮುಟ್ಟಿದರೆ ಕೈ ಸುಡುವ ದಿನಗಳಲ್ಲಿ ನಾನು ಅಲ್ಲಿ ಸ್ವೆಟರಿನೊಳಗೆ ನಡುಗುತ್ತಿದ್ದೆ. ಕಲಿಸಿದವರು ಪೆಕ್ಕ ಎಂಬ ಅರವತ್ತು ದಾಟಿದ ಇಂಜಿನಿಯರ್. ಪಂಪಿನ ಬಗ್ಗೆ ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಆದರೆ ಹಕ್ಕಿ ಎಂದರೆ ಸಾಕು, ಬಾಯಿ ಮುಚ್ಚುತ್ತಿರಲಿಲ್ಲ. ಭಾನುವಾರ ಬೆಳಗ್ಗೆ ಬಂದು, ಬೇಸಿಗೆಯ ಹಕ್ಕಿಗಳನ್ನು ತೋರಿಸುತ್ತೇನೆಂದು ಕರೆದೊಯ್ದರು. ದೊಡ್ಡ ಸರೋವರ, ಅದರ ಅಂಚಿನಿಂದ ಕಣ್ಣು ಹಾಯುವಷ್ಟು ದೂರ ಜೌಗು. ಕಾಲಿಟ್ಟರೆ ಹಳೇ ಹಾಸಿಗೆಯಂತೆ ಕುಸಿಯುವ ನೆಲದ ಮೇಲೆ ನಡೆಯಲು ಎರಡೇ ಹಲಗೆ. ಊರಿನ ಸೊಳ್ಳೆಗಳನ್ನು ಇಷ್ಟು ವರ್ಷ ಬೈದದ್ದಕ್ಕೆ ಅಲ್ಲಿ ನಿಂತು ಮನಸ್ಸಿನಲ್ಲೇ ಕ್ಷಮೆ ಕೇಳಿದೆ.

ಪೆಕ್ಕ ಒಂದು ಬೈನಾಕ್ಯುಲರ್ ನನ್ನ ಕೊರಳಿಗೆ ಹಾಕಿದರು. ಕನ್ನಡಕದವನಿಗೆ ಅದರಲ್ಲಿ ಏನು ಕಾಣುತ್ತದೆಂದು ಕನ್ನಡಕದವನಿಗೇ ಗೊತ್ತು: ಸುತ್ತ ಕತ್ತಲೆ, ನಡುವೆ ತನ್ನದೇ ರೆಪ್ಪೆಯ ಕೂದಲು. ಹಂಸಗಳನ್ನು ಮಾತ್ರ ನಿಜವಾಗಿ ಕಂಡೆ, ಅವು ಬರಿಗಣ್ಣಿಗೂ ಕಾಣುವಷ್ಟು ದೊಡ್ಡವು. ಮಿಕ್ಕ ಹನ್ನೊಂದು ಜಾತಿಗೆ ಅವರು ಬೆರಳು ತೋರಿಸಿದಂತೆಲ್ಲ "ಕಂಡಿತು" ಎನ್ನುತ್ತಾ ಹೋದೆ. ಇದ್ದಕ್ಕಿದ್ದಂತೆ ಅವರು ನಿಂತು ನನ್ನ ಮೊಣಕೈ ಹಿಡಿದುಕೊಂಡರು. ದೂರದ ಹುಲ್ಲುಗುಪ್ಪೆಯತ್ತ ಕೈ ಚಾಚಿದರು. "ಕಂಡಿತಾ? ತಲೆಯ ಮೇಲೆ ಎಷ್ಟು ಬಿಳಿ ಗೆರೆ, ಒಂದೋ ಎರಡೋ?" ಎಂದು ಪಿಸುಗುಟ್ಟಿದರು. ಆತಿಥ್ಯ ಕೊಡುವವರಿಗೆ ಕಡಿಮೆ ಹೇಳಬಾರದೆಂದು "ಎರಡು, ತುಂಬಾ ಚೆಂದ" ಎಂದೆ.

ಜುಲೈಯಲ್ಲಿ ಅವರ ಇಮೇಲ್ ಬಂತು. ಒಂದು ಗೆರೆಯದಾದರೆ ಅಲ್ಲಿ ಮಾಮೂಲಿ; ನಲವತ್ತು ವರ್ಷ ಆ ಜೌಗಿನಲ್ಲಿ ಓಡಾಡಿದವರಿಗೆ ಎರಡು ಗೆರೆಯ ಹಕ್ಕಿ ಸಿಕ್ಕಿದ್ದು ಅದೇ ಮೊದಲಂತೆ. ಅಲ್ಲಿನ ಹಕ್ಕಿಪ್ರಿಯರ ಸಮಿತಿ ಅದನ್ನು ದಾಖಲೆಗೆ ಸೇರಿಸಿಕೊಳ್ಳಬೇಕಾದರೆ ಎರಡನೇ ಸಾಕ್ಷಿ ತಾನು ಕಂಡದ್ದನ್ನು ಸ್ವಂತ ಮಾತಿನಲ್ಲಿ ಬರೆದುಕೊಡಬೇಕು. ಸಾಕ್ಷಿಯ ಜಾಗದಲ್ಲಿ ನನ್ನ ಹೆಸರು, ಅಪ್ಪನ ಹೆಸರಿನ ಸಮೇತ, ಆಗಲೇ ಕೂತಿತ್ತು.

ನಮ್ಮ ಸ್ಟೋರ್ ನೋಡಿಕೊಳ್ಳುವ ಬಂಟ್ವಾಳದ ರಝಾಕ್‌ಗೆ ವಿಷಯ ಹೇಳಿದೆ. "ಇದೆಂತ ದೊಡ್ಡ ಸಂಗತಿ ಮಾರಾಯ್ರೆ? ಗೂಗಲಲ್ಲಿ ಫೋಟೋ ಉಂಟಲ್ಲ, ನೋಡಿ ನಾಲ್ಕು ಲೈನ್ ಬರ್ದು ಬಿಡಿ. ಹಕ್ಕಿ ಬಂದು ಕಂಪ್ಲೇಂಟ್ ಕೊಡ್ತದಾ?" ಎಂದ. ಹಾಗೆಯೇ ಬರೆದೆ. ನನ್ನ ಇಂಗ್ಲಿಷ್ ಅಷ್ಟು ಚೆನ್ನಾಗಿ ಎಂದೂ ಬಂದಿರಲಿಲ್ಲ. ಆದರೆ ಕಳಿಸುವ ಮುಂಚೆ ಮತ್ತೊಮ್ಮೆ ಓದುವಾಗ, ಮೊಣಕೈ ಹಿಡಿದು ಪಿಸುಗುಟ್ಟಿದ ಪೆಕ್ಕ ನೆನಪಾಗಿ ನಾಚಿಕೆಯಾಯಿತು. ಪುರೋಹಿತರಿಗೆ ನಕ್ಷತ್ರ ಕಂಡರೂ ಒಂದೇ, ಬಿಟ್ಟರೂ ಒಂದೇ. ಈ ಮನುಷ್ಯ ನಲವತ್ತು ವರ್ಷ ಕಾದಿದ್ದರು. ಸುಮತಿಯನ್ನು ಕೇಳಿದೆ. "ಕಾಣ್ಲಿಲ್ಲ ಅಂತ ಹೇಳಿದ್ರೆ ನಿಮ್ಮ ಗಂಟೆಂತ ಹೋಗ್ತದೆ?" ಎಂದು ಚಪಾತಿ ಲಟ್ಟಿಸುತ್ತಲೇ ಹೇಳಿದಳು. ಬರೆದದ್ದನ್ನೆಲ್ಲ ಅಳಿಸಿ ಮೂರು ಸಾಲು ಕಳಿಸಿದೆ: ನನಗೆ ಹಂಸ ಬಿಟ್ಟು ಬೇರೇನೂ ಕಾಣಲಿಲ್ಲ. ನಿಮ್ಮ ಮನಸ್ಸಿಗೆ ಬೇಸರವಾಗಬಾರದೆಂದು ಕಂಡಿತು ಎಂದೆ. ಕ್ಷಮಿಸಿ.

ಎರಡು ದಿನ ಉತ್ತರವಿಲ್ಲ. ರಝಾಕ್ "ನಾನು ಆಗ್ಲೇ ಹೇಳಿದ್ದೆ" ಎಂಬ ಮುಖ ಹೊತ್ತು ಓಡಾಡಿದ. ಮೂರನೆಯ ದಿನ ಊಟದ ಹೊತ್ತಿಗೆ ಪೆಕ್ಕ ಬರೆದರು. ಸತ್ಯ ಹೇಳಿದ್ದಕ್ಕೆ ಮೊದಲು ಥ್ಯಾಂಕ್ಸ್. ಆಮೇಲೆ: "ಈಚೆಗೆ ನನ್ನ ಕಣ್ಣು ಮಂಜು. ಆ ಗೆರೆಗಳು ನನಗೂ ಸರಿಯಾಗಿ ಕಂಡಿರಲಿಲ್ಲ. ನೀವು ಎರಡು ಎಂದು ಅಷ್ಟು ಗಟ್ಟಿಯಾಗಿ ಹೇಳಿದಿರಿ, ಅದನ್ನು ನಂಬಿ ಬರೆದಿದ್ದೆ. ಈಗ ಆ ದಾಖಲೆಯನ್ನು ಹೊಡೆದುಹಾಕಿದ್ದೇನೆ."

ಸುಮತಿ ನನ್ನ ಕೈಯಿಂದ ಫೋನ್ ತೆಗೆದುಕೊಂಡು ಎರಡು ಸಲ ಓದಿದಳು. "ನಿಮ್ಮ ಮಾತನ್ನು ಇಷ್ಟು ನಂಬುವವ್ರೂ ಇದ್ದಾರಾ!" ಎಂದಳು, ತಮಾಷೆಗಲ್ಲ, ನಿಜವಾದ ಆಶ್ಚರ್ಯದಿಂದ. ಅವಳು ಹೇಳಿದ್ದು ಸರಿ. ತಮ್ಮ ಕಣ್ಣಿಗಿಂತ ನನ್ನ ಮಾತೇ ಹೆಚ್ಚೆಂದು ತಿಳಿದವರು ನನ್ನ ಇಡೀ ಜನ್ಮದಲ್ಲಿ ಅವರೊಬ್ಬರೇ. ಆ ಒಬ್ಬರಿಗೂ, ನಂಬಬೇಡಿ ಎಂದು ನಾನೇ ಕೂತು ಬರೆದು ಕಳಿಸಿದೆ.