ನಡುಸಮುದ್ರದಲ್ಲಿ ಹಿರಿಯಣ್ಣ

ಆ ಶನಿವಾರ ನಾನು ಯಾರಿಗೂ ಏನೂ ಆಗಿರುವುದಿಲ್ಲ ಎಂದು ಘೋಷಿಸಿಬಿಟ್ಟೆ! ಗಂಡನಲ್ಲ, ಅಪ್ಪನಲ್ಲ, ಅಳಿಯನಲ್ಲ. ಬಾಯ್ಲರ್ ಬಿಡಿಭಾಗಗಳ ಕಂಪನಿಯ ಉಪವಿಭಾಗದ ಮುಖ್ಯಸ್ಥ ಯೊಮ್ ದೊಕ್ಸು ಅಂತೂ ಖಂಡಿತ ಅಲ್ಲ. ನಾನು, ನನ್ನ ಗಾಳ, ಯೊಸು ಬಂದರಿನ ಸಮುದ್ರ. ಮೂವರೇ. ನಾಲ್ಕನೆಯವರಿಗೆ ಪ್ರವೇಶವಿಲ್ಲ!

ಈ ಘೋಷಣೆಯನ್ನು ಕೇಳಿಸಿಕೊಂಡವಳು ನನ್ನ ಹೆಂಡತಿ ಮಿರಾನ್ ಒಬ್ಬಳೇ. ಅವಳು ಮೂಲಂಗಿ ಹೆಚ್ಚುತ್ತಿದ್ದಳು, ತಲೆ ಎತ್ತಲಿಲ್ಲ.

“ಎರಡು ತಿಂಗಳಿಂದ ನಿಮ್ಮ ಕಿವಿ ಗುಂಯ್ ಅಂತಿದೆ. ಡಾಕ್ಟ್ರೂ ರೆಸ್ಟ್ ತಗೊಳ್ಳಿ ಅಂದ್ರು. ಸರಿ, ಹೋಗ್ಬನ್ನಿ. ಆದ್ರೆ ಒಂದು ಮಾತು ಕೇಳಿ. ಮನುಷ್ಯನ ಮುಖ ಹೊತ್ಕೊಂಡು ಬಂದ್ರೆ ತಿಂಗಳಿಗೊಂದ್ಸಲ ಹೋಗಿ, ನಾನು ಬೇಡ ಅನ್ನಲ್ಲ. ಇದೇ ಹರಳೆಣ್ಣೆ ಕುಡಿದ ಮುಖ ವಾಪಸ್ ಬಂದ್ರೆ, ಭಾನುವಾರ ಬೆಳಗ್ಗೆ ಗಾಳ ಗುಜರಿಗೆ!”

“ನನ್ನ ಮುಖಾನ ನೀನೇ ಗುರುತು ಹಿಡಿಯಲ್ಲ, ನೋಡ್ತಿರು!” ಎಂದು ಎದೆಯುಬ್ಬಿಸಿದೆ.

ನಿಜ ಹೇಳುತ್ತೇನೆ, ದಣಿದು ಹೋಗಿದ್ದೆ. ಆಫೀಸಿನಲ್ಲಿ ನನ್ನ ಮೇಲೆ ನಾಲ್ವರು, ಕೆಳಗೆ ಆರು ಮಂದಿ. ಮದ್ದಳೆಯ ಹಾಗೆ ಎರಡೂ ಕಡೆಯಿಂದ ಪೆಟ್ಟು. ಲಿಫ್ಟಿನಲ್ಲಿ ನಿಂತಲ್ಲೇ ನಿದ್ದೆ ಹೋಗಿ, ಹದಿನಾಲ್ಕನೆಯ ಮಹಡಿಗೆ ಹೋದವನು ಇಳಿಯದೆ ಮತ್ತೆ ನೆಲಮಾಳಿಗೆಗೆ ಬಂದದ್ದೂ ಉಂಟು. ನನಗೆ ಬೇಕಿದ್ದದ್ದು ಮೀನಲ್ಲ. ಒಂದೇ ಒಂದು ದಿನ ಯಾರೂ ನನ್ನನ್ನು ಏನೂ ಕೇಳಬಾರದು, ಅಷ್ಟೆ.

ಬಂದರಿನಲ್ಲಿ ದೋಣಿಯ ಕ್ಯಾಪ್ಟನ್ ನನ್ನ ಹೆಸರು, ಹುಟ್ಟಿದ ದಿನ, ಫೋನ್ ನಂಬರು ಎಲ್ಲ ಬರೆಸಿಕೊಂಡು ಹತ್ತಿಸಿಕೊಂಡ. ನಾನು ದುಂಬಾಲು ಬಿದ್ದು ಮೂಲೆಯ ಒಂಟಿ ಜಾಗವನ್ನೇ ಹಿಡಿದಿದ್ದೆ. ಆದರೆ ದೋಣಿಯಲ್ಲಿ ಆಗಲೇ ಒಂದೇ ಅಪಾರ್ಟ್‌ಮೆಂಟಿನ ಮೂವರು ಗೆಳೆಯರು ಕೂತಿದ್ದರು. ದಪ್ಪಗಿದ್ದವರು ಮಾ, ಉದ್ದಕ್ಕಿದ್ದವರು ಗುಕ್, ಬಾಯಿ ಮುಚ್ಚದವರು ಪ್ಯೊ.

ದಡ ಮರೆಯಾಗಿ ನಾನು ಕಣ್ಣು ಮುಚ್ಚಿದ್ದೆನೋ ಇಲ್ಲವೋ, ಪ್ಯೊ ಶುರು ಮಾಡಿದರು.

“ಏನ್ ಸಾರ್, ಒಬ್ರೇನಾ? ಅಯ್ಯೋ ಪಾಪ! ಜೊತೆಗೆ ಯಾರೂ ಬರ್ಲಿಲ್ವಾ?”

“ಬೇಕೆಂದೇ ಒಬ್ಬನೇ ಬಂದೆ.”

“ಅದೆಲ್ಲ ಹೇಳ್ಕೊಳ್ಳೋಕೆ ಬಿಡಿ. ಬನ್ನಿ ಈ ಕಡೆ. ತಮ್ದು ಯಾವ ಪ್ರಾಣಿ ವರ್ಷ?”

ಬಂತಲ್ಲ! ಹುಟ್ಟಿದ ವರ್ಷದ ಪ್ರಾಣಿ ಯಾವುದೆಂದು ಕೇಳುವುದೆಂದರೆ ವಯಸ್ಸು ಕೇಳುವುದು. ನಮ್ಮಲ್ಲಿ ಅಪರಿಚಿತರು ಸೇರಿದ ಹತ್ತು ನಿಮಿಷದೊಳಗೆ ವಯಸ್ಸು ಇತ್ಯರ್ಥವಾಗಬೇಕು. ಇಲ್ಲದಿದ್ದರೆ ಯಾರು ‘ನೀವು’, ಯಾರು ‘ನೀನು’ ಎಂದು ತಿಳಿಯದೆ ಮಾತೇ ಮುಂದೆ ಹೋಗುವುದಿಲ್ಲ. ನನ್ನ ವಯಸ್ಸು ನಲವತ್ತಾರು. ಅವರನ್ನು ನೋಡಿದರೆ ಐವತ್ತೈದರ ಕೆಳಗೆ ಯಾರೂ ಇಲ್ಲ. ನಿಜ ಹೇಳಿದರೆ ದೋಣಿಗೆಲ್ಲ ನಾನೇ ಕಿರಿಯ. ಕಿರಿಯನೆಂದರೆ ನೂಡಲ್ಸ್ ಬೇಯಿಸುವವನು, ಸೊಜು ಮದ್ಯ ಬಗ್ಗಿಸುವವನು, ಪಾತ್ರೆ ಉಜ್ಜುವವನು. ಅದನ್ನು ಮಾಡಲು ಸಮುದ್ರಕ್ಕೆ ಯಾಕೆ ಬರಬೇಕಿತ್ತು? ಆಫೀಸಿನ ಔತಣಗಳಲ್ಲಿ ಮಾಡಿದ್ದು ಸಾಲದೇ?

ಆಫೀಸಿನ ಕೃಪೆಯಿಂದ ನನ್ನ ತಲೆ ಆಗಲೇ ಬೆಳ್ಳಗಾಗಿದೆ. ವರ್ಷಗಳಿಗೆ ಹೆಸರು ಕೊಡುವ ಹನ್ನೆರಡು ಪ್ರಾಣಿಗಳೂ ಹನ್ನೆರಡು ವರ್ಷಕ್ಕೊಮ್ಮೆ ತಿರುಗಿ ಬರುತ್ತವೆ. ಪ್ರಾಣಿಯ ವಿಷಯದಲ್ಲಿ ಸತ್ಯವನ್ನೇ ನುಡಿದು, ಸುತ್ತಿನ ವಿಷಯದಲ್ಲಿ ಮಾತ್ರ ಒಂದು ಸುತ್ತು ಹಿಂದಕ್ಕೆ ಸರಿದೆ.

“ಕುರಿ,” ಎಂದೆ ಗಂಭೀರವಾಗಿ. “ಐವತ್ತೆಂಟು.”

ಮಾ ಬೆರಳ ಗೆಣ್ಣು ಎಣಿಸಿದರು. “ನಾನು ಕೋತಿ, ಐವತ್ತೇಳು. ಗುಕ್ ಹುಂಜ, ಐವತ್ತಾರು. ಪ್ಯೊ ನಾಯಿ, ಐವತ್ತೈದು. ಅಂದ್ರೆ... ಅಣ್ಣಾವ್ರೇ!”

ಮೂವರೂ ಎದ್ದು ನಿಂತು ತಲೆ ಬಾಗಿಸಿದರು. ಆಹಾ! ಹದಿನೆಂಟು ವರ್ಷದ ನೌಕರಿಯಲ್ಲಿ ಸಿಗದ ಬಡ್ತಿ ಹದಿನೆಂಟು ಸೆಕೆಂಡಿನಲ್ಲಿ ಸಿಕ್ಕಿತ್ತು!

ಹಿಂಭಾಗದ ಒಳ್ಳೆಯ ಜಾಗ ನನಗೆ ಬಂತು. ಗುಕ್ ನನ್ನ ಗಾಳಕ್ಕೆ ಎರೆ ಸಿಕ್ಕಿಸಿಕೊಟ್ಟರು. ಪ್ಯೊ ನನ್ನ ಬೂಟಿನ ಮೇಲೆ ಹಾರಿದ ನೀರನ್ನು ತಮ್ಮ ಟವೆಲ್ಲಿನಿಂದಲೇ ಒರೆಸಿದರು. ನಾನು ಅರೆಗಣ್ಣಿನಲ್ಲಿ ‘ಹೂಂ’ ಎನ್ನುತ್ತಾ ಕೂತೆ.

ಆ ವೈಭವ ಬಾಳಿದ್ದು ಅರ್ಧ ಗಂಟೆ. ಹಿರಿಯಣ್ಣನೆಂದರೆ ಸಲಹೆಯ ಅಂಗಡಿ ಎನ್ನುವುದನ್ನು ನಾನು ಮರೆತೇಬಿಟ್ಟಿದ್ದೆ! ಪ್ಯೊಗೆ ಮಂಡಿ ಆಪರೇಷನ್ ಮಾಡಿಸಬೇಕೋ ಬೇಡವೋ. ಗುಕ್‌ಗೆ ಊರಿನ ಜಮೀನು ಮಾರಬೇಕೋ ಬೇಡವೋ. ಕೊನೆಗೆ ಮಾ ನನ್ನ ಪಕ್ಕಕ್ಕೆ ಸರಿದು ದನಿ ತಗ್ಗಿಸಿದರು.

“ಅಣ್ಣಾ, ಮಗ ಡೈವೋರ್ಸ್ ಮಾಡ್ಕೊಂಡ. ನಾನು ಬೈದೆ. ಈಗ ನನ್ನ ಫೋನೇ ಎತ್ತಲ್ಲ. ನೀವಾಗಿದ್ರೆ ಏನ್ಮಾಡ್ತಿದ್ರಿ?”

ಅವರ ಕಣ್ಣು ಒದ್ದೆಯಾಗಿತ್ತು. ನನ್ನ ಮಗಳಿಗೆ ಇನ್ನೂ ಹದಿನಾರು. ನಾನೇನು ಹೇಳಲಿ? “ಕಾಲವೇ ಎಲ್ಲಕ್ಕೂ ಮದ್ದು,” ಎಂದೆ. ಅವರು ಅದನ್ನು ಗುರುವಾಕ್ಯವೆಂಬಂತೆ ಎರಡು ಸಲ ಹೇಳಿಕೊಂಡರು. ನನಗೆ ನಾಚಿಕೆಯಾಯಿತು. ಕಿವಿಯ ಗುಂಯ್ ಎರಡು ಪಟ್ಟಾಯಿತು.

ಅಷ್ಟರಲ್ಲಿ ಗಾಳಿ ಎದ್ದಿತು. ದೋಣಿ ತೊಟ್ಟಿಲಾಯಿತು. ನನ್ನ ಹೊಟ್ಟೆಯೊಳಗೆ ಬೇರೊಂದು ಸಮುದ್ರ ಹುಟ್ಟಿಕೊಂಡಿತು. ಸರಿಯಾಗಿ ಆ ಹೊತ್ತಿಗೇ ಊಟ! ಆಗಷ್ಟೇ ಹಿಡಿದ ಮೀನಿನ ಹಸಿ ಹೋಳುಗಳು, ಕುದಿಯುವ ನೂಡಲ್ಸ್, ಸೊಜು. ಮೂವರೂ ಕೈಕಟ್ಟಿ ಕೂತು ನನ್ನನ್ನೇ ನೋಡತೊಡಗಿದರು.

“ಶುರು ಮಾಡಿ,” ಎಂದೆ ಕ್ಷೀಣವಾಗಿ.

“ಛೆ ಛೆ! ಅಣ್ಣ ಚಾಪ್‌ಸ್ಟಿಕ್ ಎತ್ತೋಕೆ ಮುಂಚೆ ನಾವು ಎತ್ತೋದಾ?” ಎಂದರು ಗುಕ್.

“ನಂಗೆ ಹಸಿವಿಲ್ಲ.”

“ಹಾಗಾದ್ರೆ ನಾವೂ ತಿನ್ನಲ್ಲ!” ಎಂದರು ಮಾ.

ನೂಡಲ್ಸ್ ಊದಿಕೊಳ್ಳುತ್ತಿತ್ತು. ಮೂರು ಜೊತೆ ಹಸಿದ ಕಣ್ಣುಗಳು ನನ್ನ ಕೈಯನ್ನೇ ಕಾಯುತ್ತಿದ್ದವು. ಬೇರೆ ದಾರಿಯಿಲ್ಲದೆ ಒಂದು ಹೋಳು ಬಾಯಿಗಿಟ್ಟು, ಕಣ್ಣು ಮುಚ್ಚಿ ನುಂಗಿದೆ. ಅದು ಒಳಗೆ ಹೋಯಿತು, ಸುತ್ತ ಒಮ್ಮೆ ನೋಡಿತು, ಬಂದ ದಾರಿಯಲ್ಲೇ ಹೊರಟಿತು. ನಾನು ದೋಣಿಯ ಅಂಚಿಗೆ ಓಡಿದೆ!

“ಅಣ್ಣಂಗೆ ಅಜೀರ್ಣ!” ಎಂದು ಪ್ಯೊ ಕೂಗಿದರು. “ಬೆರಳು ಚುಚ್ಚಿ! ಬೆರಳು ಚುಚ್ಚಿ!”

ಮನೆಯಲ್ಲಾದರೆ ನನ್ನ ಅತ್ತೆ ಹೆಬ್ಬೆರಳಿಗೆ ದಾರ ಸುತ್ತಿ ಸೂಜಿಯಿಂದ ಚುಚ್ಚಿ ಕೆಟ್ಟ ರಕ್ತ ತೆಗೆಯುತ್ತಾರೆ. ಇಲ್ಲಿ ಸೂಜಿ ಇರಲಿಲ್ಲ. ಗುಕ್ ಹೊಸ ಗಾಳದ ಕೊಕ್ಕೆಯೊಂದನ್ನು ಸೊಜುವಿನಲ್ಲಿ ಅದ್ದಿ ತೆಗೆದರು. ಮಾ ನನ್ನನ್ನು ಹಿಂದಿನಿಂದ ತಬ್ಬಿ ಹಿಡಿದರು. ಮೀನಿನ ನೋವು ಏನೆಂದು ಅಂದು ನನಗೆ ಅರ್ಥವಾಯಿತು!

“ಕಪ್ಪು ರಕ್ತ! ನೋಡ್ರಪ್ಪಾ, ಎಷ್ಟು ಕಪ್ಪು!” ಎಂದು ಮೂವರೂ ಸಂಭ್ರಮಿಸಿದರು.

ನನ್ನ ಕೂಗಿಗೆ ಕ್ಯಾಪ್ಟನ್ ಓಡಿ ಬಂದ. ಬಿಳಿಚಿದ ನನ್ನ ಮುಖ, ತಣ್ಣನೆಯ ಬೆವರು ನೋಡಿ ಗಾಬರಿಯಾದ. “ಎಷ್ಟು ವಯಸ್ಸು ಇವ್ರಿಗೆ?”

“ಐವತ್ತೆಂಟು,” ಎಂದರು ಮಾ.

“ಇದು ಹೊಟ್ಟೆಯಲ್ಲ ಕಣ್ರೀ, ಹಾರ್ಟು!” ಎಂದವನೇ ಕ್ಯಾಪ್ಟನ್ ಕರಾವಳಿ ಕಾವಲು ಪಡೆಗೆ ವೈರ್‌ಲೆಸ್ ಹಚ್ಚಿದ. ಬೇಡ ಬೇಡ ಎಂದು ನಾನು ಕೈಯಾಡಿಸಿದೆ. ಅದನ್ನೂ ಅವರು ಕೈನೋವೆಂದೇ ಲೆಕ್ಕ ಹಾಕಿದರು. ಆ ಕಡೆಯಿಂದ ರೋಗಿಯ ವಿವರ ಕೇಳಿದರು. ಕ್ಯಾಪ್ಟನ್ ಬೆಳಿಗ್ಗೆ ಬರೆಸಿಕೊಂಡಿದ್ದ ಪಟ್ಟಿ ತೆಗೆದ.

“ಹೆಸರು ಯೊಮ್ ದೊಕ್ಸು. ವಯಸ್ಸು ಐವತ್ತೆಂ...” ಅವನ ಬೆರಳು ಹುಟ್ಟಿದ ದಿನದ ಮೇಲೆ ನಿಂತಿತು. ಪಟ್ಟಿ ನೋಡಿದ. ನನ್ನನ್ನು ನೋಡಿದ. “...ನಲವತ್ತಾರು?”

“ನಲವತ್ತಾರೋ, ಐವತ್ತೆಂಟೋ? ಸರಿಯಾಗಿ ಹೇಳ್ರೀ!” ಎಂದು ವೈರ್‌ಲೆಸ್ ಗದರಿತು. “ಹೆಲಿಕಾಪ್ಟರ್ ಕಳಿಸ್ಬೇಕಾ?”

ನಾನು ತೆವಳಿಕೊಂಡು ಹೋಗಿ ಅದಕ್ಕೆ ಬಾಯಿಟ್ಟೆ. “ನಲವತ್ತಾರು ಸಾರ್. ಹಾರ್ಟು ಚೆನ್ನಾಗಿದೆ. ಸುಳ್ಳು ಹೇಳಿದ್ದು ಹೊಟ್ಟೇಲಿ ನಿಲ್ಲಲಿಲ್ಲ, ಅಷ್ಟೇ.”

ಮೂವರೂ ಒಟ್ಟಿಗೆ ನನ್ನತ್ತ ತಿರುಗಿದರು.

“ಏಯ್!” ಎಂದರು ಪ್ಯೊ. “ನಲವತ್ತಾರಾ? ನನ್ನ ಕೊನೇ ತಮ್ಮನಿಗಿಂತ ಚಿಕ್ಕವನು! ನಿನ್ನ ಬೂಟು ಒರೆಸಿದೆನಲ್ಲೋ!”

ಮಾ ಸಮುದ್ರದ ಕಡೆ ತಿರುಗಿ, “ನಿನ್ನ ಮುಂದೆ ಕಣ್ಣೀರು ಹಾಕಿದೆನಲ್ಲೋ,” ಎಂದರು. ಬೈಗಳಿಗಿಂತ ಅದು ಚುಚ್ಚಿತು.

“ತಪ್ಪಾಯ್ತು ಅಣ್ಣಾ,” ಎಂದೆ. ಮನಸಾರೆ ಹೇಳಿದೆ.

“ತಪ್ಪಾಯ್ತು ಅಂದ್ರೆ ಪಾತ್ರೆ ತೊಳೆದು ಹೋಗುತ್ತಾ?” ಎಂದರು ಗುಕ್.

ಅಲ್ಲಿಂದ ಸಂಜೆ ನಾಲ್ಕರವರೆಗೆ ನಾನು ಕಿರಿಯನಾದೆ. ತಳ ಹಿಡಿದ ಪಾತ್ರೆ ಉಜ್ಜಿದೆ. ಮತ್ತೆ ನೂಡಲ್ಸ್ ಬೇಯಿಸಿದೆ. ಅವರು ಹಿಡಿದ ನಲವತ್ತು ಬಂಗುಡೆಗಳ ಹೊಟ್ಟೆ ಬಗೆದು ಶುಚಿ ಮಾಡಿದೆ. ನನ್ನ ಗಾಳ ಮತ್ತೆ ನೀರು ಮುಟ್ಟಲಿಲ್ಲ. ಆದರೆ ಒಂದು ವಿಚಿತ್ರ ಹೇಳಲೇಬೇಕು. ಯಾರೂ ನನ್ನ ಸಲಹೆ ಕೇಳಲಿಲ್ಲ. ‘ಅದು ತಾ, ಇದು ಇಡು’ ಅಷ್ಟೆ. ಮೂವತ್ತನೆಯ ಬಂಗುಡೆಯ ಹೊತ್ತಿಗೆ ಗಮನಿಸಿದೆ, ಕಿವಿ ಗುಂಯ್ ಅನ್ನುತ್ತಿರಲಿಲ್ಲ.

ದಡದಲ್ಲಿ ಮಾ ನನ್ನ ಡಬ್ಬಿಗೆ ಶುಚಿ ಮಾಡದ ಎಂಟು ಇಡೀ ಮೀನು ತುಂಬಿದರು. “ತಮ್ಮನ್ನ ಬರಿಗೈಲಿ ಕಳಿಸೋಕಾಗುತ್ತಾ? ತಗೊಂಡು ಹೋಗು, ಸುಳ್ಳ!”

ಮನೆಗೆ ಬಂದಾಗ ಮಿರಾನ್ ನನ್ನನ್ನು ದೀಪದ ಕೆಳಗೆ ನಿಲ್ಲಿಸಿ ಪರೀಕ್ಷಿಸಿದಳು. ಸುಟ್ಟ ಮೂಗು, ಚುಚ್ಚಿದ ಹೆಬ್ಬೆರಳು, ಮೈಯೆಲ್ಲ ಬಂಗುಡೆ ವಾಸನೆ.

“ಮುಖ ಬದಲಾಗಿದೆ,” ಎಂದಳು ಅಚ್ಚರಿಯಿಂದ. “ಏನ್ ಮಾಡ್ಕೊಂಡ್ ಬಂದ್ರಿ?”

ಎಲ್ಲವನ್ನೂ ಹೇಳಿದೆ. ಅವಳು ನಕ್ಕೂ ನಕ್ಕೂ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು. ಆಮೇಲೆ ಕಣ್ಣೊರೆಸಿಕೊಂಡು ಕೇಳಿದಳು.

“ಹಾಗಾದ್ರೆ ಒಂದು ವರ್ಷ ದೊಡ್ಡವರಾದ್ರೂ ದೊಡ್ಡವರೇ ಅನ್ನಿ?”

“ಒಂದು ದಿನ ದೊಡ್ಡವರಾದ್ರೂ ದೊಡ್ಡವರೇ! ಅದೇ ನಮ್ಮ ಪದ್ಧತಿ.”

“ಹೌದಾ? ನಾನು ಯಾವ ವರ್ಷದವಳು?”

ಮಿರಾನ್ ಹುಟ್ಟಿದ್ದು ಕುದುರೆ ವರ್ಷದಲ್ಲಿ. ನನಗಿಂತ ಹದಿನಾಲ್ಕು ತಿಂಗಳು ದೊಡ್ಡವಳು. ಈ ವಿಷಯವನ್ನು ಮನೆಯಲ್ಲಿ ಯಾರೂ ಎತ್ತಕೂಡದೆಂದು ಮದುವೆಯಾದ ವಾರವೇ ನಾನು ಅಪ್ಪಣೆ ಹೊರಡಿಸಿದ್ದೆ.

“ಗಾಳ ಗುಜರಿಗೆ ಹಾಕಲ್ಲ. ತಿಂಗಳಿಗೊಂದ್ಸಲ ಹೋಗು,” ಎಂದಳು ಮಿರಾನ್, ಹದಿನೆಂಟು ವರ್ಷಗಳಲ್ಲಿ ಮೊದಲ ಸಲ ಏಕವಚನದಲ್ಲಿ. “ಈಗ ಆ ಎಂಟು ಮೀನು ಕ್ಲೀನ್ ಮಾಡು. ಆಮೇಲೆ ಸಿಂಕಿನಲ್ಲಿ ಪಾತ್ರೆ ಇದೆ.”

ಕೂತಲ್ಲಿಂದಲೇ ಚಾಕು ಚಾಚಿದಳು. ನಾನು ತಲೆ ಬಾಗಿಸಿ, ಎರಡೂ ಕೈಗಳಿಂದ ಅದನ್ನು ತೆಗೆದುಕೊಂಡೆ.